ಕೋದಂಡರಾಮಯ್ಯನ ಒಳಗಿನ ಸುದ್ದಿ

ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವ ವಸ್ತು ಉತ್ಪತ್ತಿಯಾಗುವುದಿಲ್ಲ. ಸೀರೆ ಆಗುತ್ತದೆ, ಸದ್ದು ಆಗುತ್ತದೆ, ವರ್ಷಕ್ಕೆ ಒಂದೆರಡು ಜಗಳ ಆಗುತ್ತವೆ. ದೊಡ್ಡಬಳ್ಳಾಪುರದ ಈ ಮೂರನೇ ಅಡ್ಡರಸ್ತೆಯಲ್ಲಿ ಇರುವುದು ಮೂವತ್ತೆರಡು ಮನೆ, ನೂರಾ ಹತ್ತು ವಿದ್ಯುತ್ ಮಗ್ಗ. ಬೆಳಿಗ್ಗೆ ಆರಕ್ಕೆ ಬಡಿಯಲು ಶುರುಮಾಡಿದರೆ ಸಂಜೆ ದೀಪ ಹಚ್ಚಿದ ಮೇಲೂ ಬಡಿಯುತ್ತಿರುತ್ತವೆ. ಇವುಗಳ ನಡುವೆ ಹುಟ್ಟಿ ಬೆಳೆದವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ಎಲ್ಲಿಂದ ಬರಬೇಕು? ಇಲ್ಲಿ ಗಂಡ ಹೆಂಡತಿ ಕಾಫಿಗೆ ಸಕ್ಕರೆ ಕಮ್ಮಿಯಾಯಿತು ಎಂದು ಮಾತಾಡಿಕೊಂಡರೆ ಎದುರುಮನೆಯವರು ಸಕ್ಕರೆ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ನಾನು ಮೇಷ್ಟ್ರು ಕೆಲಸದಿಂದ ನಿವೃತ್ತನಾಗಿ, ಬಾಡಿಗೆ ಕಮ್ಮಿ ಎಂದು ಈ ಬೀದಿಗೆ ಬಂದು ಒಂಬತ್ತು ವರ್ಷವಾಯಿತು. ಬಾಡಿಗೆ ಯಾಕೆ ಕಮ್ಮಿ ಎಂದು ತಿಳಿಯಲು ಒಂಬತ್ತು ನಿಮಿಷ ಸಾಕಾಗಿತ್ತು.

ಇಂಥ ಬೀದಿಯಲ್ಲೂ ಎಲ್ಲರಿಗಿಂತ ದೊಡ್ಡ ದನಿ ಕೋದಂಡರಾಮಯ್ಯನದು. ಐವತ್ತೆಂಟು ವರ್ಷ, ಆರು ಮಗ್ಗ, ಮಗ್ಗದ ಕಡೆಗಿರುವ ಎಡಗಿವಿ ಅರ್ಧ ಮಂದ. ತನ್ನ ಮಾತು ತನಗೆ ಕೇಳಿಸಿದರೆ ಮಾತ್ರ ಎದುರಿನವರಿಗೂ ಕೇಳಿಸೀತು ಎಂಬ ಲೆಕ್ಕದಲ್ಲಿ ಅವನು ಮಾತಾಡುತ್ತಾನೆ. ಗುಟ್ಟಿನ ವಿಷಯವಾದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಕೈ ಅಡ್ಡ ಬಂದದ್ದರಿಂದ ಮಾತು ಸರಿಯಾಗಿ ಹೋಗುತ್ತಿಲ್ಲವೇನೋ ಎಂಬ ಅನುಮಾನದಿಂದ ಇನ್ನೂ ಸ್ವಲ್ಪ ಜೋರು ಮಾಡುತ್ತಾನೆ. ಅಂಥವನ ಮೇಲೆ, ಷೇರು ಮಾರುಕಟ್ಟೆಯನ್ನು ಕಾಯುವ ಸರ್ಕಾರಿ ಮಂಡಳಿಯೊಂದು, ಗುಟ್ಟಾದ ಸುದ್ದಿಯನ್ನು ಗುಟ್ಟಾಗಿ ಪಡೆದು ಗುಟ್ಟಾಗಿ ಲಾಭ ಮಾಡಿಕೊಂಡ ಆರೋಪ ಹೊರಿಸಿತು. ನನಗೆ ಆ ಮಂಡಳಿಯ ಮೇಲೆ ಈಗಲೂ ಸಿಟ್ಟಿದೆ. ಆರೋಪ ಹೊರಿಸುವುದಕ್ಕೂ ಒಂದು ಅಂದಾಜು ಬೇಡವೇ?

ಮೊದಲಿಂದ ಹೇಳುತ್ತೇನೆ. ಗಿರಿಧ್ವಜ ವಾಲ್ವ್ಸ್ ಎಂಬ ಕಂಪನಿ ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲಿ ಎರಡು ಬಾಡಿಗೆ ಶೆಡ್ಡುಗಳಲ್ಲಿ ಶುರುವಾದಾಗ, ಅದರ ಯಜಮಾನ ಆಯುಧಪೂಜೆಗೆ ಕೆಲಸಗಾರರ ಹೆಂಡತಿಯರಿಗೆ ಕೊಡಲು ಕೋದಂಡರಾಮಯ್ಯನ ಹತ್ತಿರ ಅರವತ್ತು ಸೀರೆ ನೇಯಿಸಿದ. ಸೀರೆ ಹೋಯಿತು, ದುಡ್ಡು ಬರಲಿಲ್ಲ. ಕೊನೆಗೆ ಆ ಮನುಷ್ಯ ದುಡ್ಡಿನ ಬದಲು ಕಂಪನಿಯ ಷೇರು ಪತ್ರ ತಂದುಕೊಟ್ಟ. ಕೋದಂಡರಾಮಯ್ಯನ ತಂದೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಉಟ್ಕಳಾಕಾಯ್ತದಾ?" ಎಂದರಂತೆ. ಪತ್ರ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತು. ಕಂಪನಿ ಬೆಳೆಯಿತು. ಬೋನಸ್ಸು, ವಿಭಜನೆ ಎಂದು ಏನೇನೋ ಆಗಿ, ಟ್ರಂಕಿನಲ್ಲಿದ್ದ ಷೇರುಗಳು ಯಾರ ಆರೈಕೆಯೂ ಇಲ್ಲದೆ ಮರಿ ಹಾಕಿ ನಾಲ್ಕು ಸಾವಿರದ ಇನ್ನೂರಾದವು.

ಅಲ್ಲಿಂದ ಕೋದಂಡರಾಮಯ್ಯನ ನಡಿಗೆ ಬದಲಾಯಿತು. 'ನೇಕಾರರು ಮತ್ತು ಷೇರುದಾರರು' ಎಂದು ವಿಸಿಟಿಂಗ್ ಕಾರ್ಡು ಮಾಡಿಸಿದ. ಫ್ಯಾಕ್ಟರಿ ಮುಂದೆ ಬಸ್ಸು ಹೋಗುವಾಗ ಪಕ್ಕದವನಿಗೆ "ನಮ್ದೇ" ಎನ್ನುತ್ತಿದ್ದ. ವರ್ಷಕ್ಕೊಮ್ಮೆ ಷೇರುದಾರರ ಸಭೆಗೆ ಇಸ್ತ್ರಿ ಪಂಚೆಯಲ್ಲಿ ಹೋಗಿ, ಎದ್ದುನಿಂತು, ಮೈಕು ಬೇಡವೆಂದು ಒಂದು ಪ್ರಶ್ನೆ ಕೇಳಿ, ಸಿಹಿ ಡಬ್ಬಿ ತರುತ್ತಿದ್ದ. ಹಬ್ಬ ಬಂದರೆ ಕಂಪನಿಯ ಸೀರೆ ಆರ್ಡರು ನಮ್ಮ ಬೀದಿಗೇ. ಇದಕ್ಕೆಲ್ಲ ತಾನೇ ಕಾರಣ ಎಂದು ಕೋದಂಡರಾಮಯ್ಯ ನಂಬಿದ್ದ, ಮತ್ತು ಅದು ನಿಜವೂ ಆಗಿತ್ತು.

ಈ ವರ್ಷ ಕಂಪನಿಗೆ ಇಪ್ಪತ್ತೈದು ತುಂಬುತ್ತಿತ್ತು. ಬೆಳ್ಳಿಹಬ್ಬಕ್ಕೆ ಆರುನೂರು ಸೀರೆ, ಅಂಚಿನುದ್ದಕ್ಕೂ ಪುಟ್ಟ ಬಾವುಟ, ಸೆರಗಿನಲ್ಲಿ ಒಂದು ವಾಲ್ವು. ಸೆರಗಿನಲ್ಲಿ ನವಿಲು ನೇಯ್ದವನಿಗೆ ವಾಲ್ವು ನೇಯುವುದು ಎಷ್ಟು ಕಷ್ಟ ಎಂದು ಅವನು ನನಗೆ ಒಂದು ಮಧ್ಯಾಹ್ನ ಪೂರ್ತಿ ವಿವರಿಸಿದ್ದಾನೆ. ಐದು ಮನೆಗಳು ಆರ್ಡರು ಹಂಚಿಕೊಂಡಿದ್ದವು. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ಯೋಗಾನಂದನೂ ಅದರಲ್ಲಿ ಒಬ್ಬ. ಮುನ್ನೂರು ಸೀರೆ ಮುಗಿದಿತ್ತು. ಆಗ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಂಪನಿಯ ಖರೀದಿ ವಿಭಾಗದ ಮನೋಹರ್ ಫೋನು ಮಾಡಿದ. ಗಂಟೆ ನಿಮಿಷ ನನಗೆ ಹೇಗೆ ಗೊತ್ತು ಎಂದರೆ, ಇಡೀ ಬೀದಿಗೆ ಗೊತ್ತು.

"ಏನ್ ಮನೋಹರ್, ನಿಲ್ಲಿಸಿ ಅಂದ್ರೆ ಏನರ್ಥ?" ಎಂದು ಕೋದಂಡರಾಮಯ್ಯ ಮಗ್ಗದ ಪಕ್ಕದಲ್ಲಿ ನಿಂತು ಕೇಳಿದ. ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಈ ಕಡೆಯದು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತು.

"ಸದ್ಯಕ್ಕೆ ಬೇಡ ಅಂದ್ರೆ? ಬೆಳ್ಳಿಹಬ್ಬ ಸದ್ಯಕ್ಕೆ ಬರಲ್ವಾ? ಇನ್ನೂ ಇಪ್ಪತ್ತೈದು ಆಗ್ಲಿಲ್ವಾ ನಿಮ್ಗೆ? ನೇಯ್ದಿರೋ ಮುನ್ನೂರು ಸೀರೆ ನಾನ್ ಯಾರಿಗ್ ಉಡಿಸ್ಲಿ? ಸೆರಗಲ್ಲಿ ವಾಲ್ವು ಇರೋ ಸೀರೇನ ಯಾವ ಮದ್ವೆ ಹೆಣ್ಣು ಉಟ್ಕೊತಾಳೆ? ಫೋನಲ್ಲಿ ಹೇಳಿ ಮುಗಿಸ್ಬಿಡೋ ಅಷ್ಟು ಅಗ್ಗ ಆಗ್ಬಿಟ್ನಾ ನಾನು? ನೀನು ಕಂಪ್ನಿಗೆ ಸೇರೋಕೆ ಮುಂಚೆಯಿಂದ ನಾನು ಅದರ ಪಾಲುದಾರ. ಇವತ್ತಿಗೆ ಮುಗೀತು. ನಿಮ್ ವಾಲ್ವು ನೀವೇ ಇಟ್ಕೊಳ್ಳಿ."

ಎರಡು ನಿಮಿಷದಲ್ಲಿ ಚಪ್ಪಲಿ ಮೆಟ್ಟಿ, "ಅವರ ಷೇರೆಲ್ಲ ಮಾರ್ಬಿಟ್ಟು ಬರ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೊರಟ. ಹೆಂಡತಿ ಶಕುಂತಲಮ್ಮ "ಊಟ ಮಾಡ್ಕೊಂಡು ಸಿಟ್ಟು ಮಾಡ್ಕೊಳ್ಳಿ" ಎಂದದ್ದಕ್ಕೂ ನಿಲ್ಲಲಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ, ಮಹಡಿಯ ಮೇಲೆ ಷೇರು ಕೊಳ್ಳುವ ಮಾರುವ ಸಣ್ಣ ಆಫೀಸಿದೆ; ಟ್ರಂಕಿನ ಪತ್ರಗಳನ್ನು ಹಿಂದೆಯೇ ಕಂಪ್ಯೂಟರಿನ ಖಾತೆಗೆ ಹಾಕಿಕೊಟ್ಟವರೂ ಅವರೇ. ಕೌಂಟರಿನಲ್ಲಿ ಕುಳಿತುಕೊಳ್ಳುವ ದಿವ್ಯ ಒಳ್ಳೆಯ ಹುಡುಗಿ. ಆಮೇಲೆ ಮಂಡಳಿಯವರು ಅವಳನ್ನು ಕೇಳಿದಾಗ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಎಷ್ಟು ಮಾರೋದು ಅಂಕಲ್?"

"ಎಲ್ಲಾ."

"ಎಲ್ಲಾನಾ? ಒಂದೇ ಸಲ ಬೇಡ ಅಂಕಲ್. ರೇಟು ನೋಡ್ಕೊಂಡು ಸ್ವಲ್ಪ ಸ್ವಲ್ಪ ಮಾರೋಣ."

"ಸ್ವಲ್ಪ ಸ್ವಲ್ಪ ಸಂಬಂಧ ಕಡ್ಕೊಳಕ್ಕಾಗುತ್ತೇನಮ್ಮಾ? ಅವರ ಕಾಗದ ಇವತ್ತು ಸಂಜೆ ದೀಪ ಹಚ್ಚೋ ಹೊತ್ತಿಗೆ ನನ್ನ ಹೆಸರಲ್ಲಿ ಇರಕೂಡದು."

ಒಂದಕ್ಕೆ ನಾನೂರ ಹನ್ನೆರಡರ ಲೆಕ್ಕದಲ್ಲಿ ಎಲ್ಲವೂ ಹೋದವು. ಆ ದಿನ ಇಡೀ ದೇಶದಲ್ಲಿ ಗಿರಿಧ್ವಜ ವಾಲ್ವ್ಸಿನ ಷೇರು ಕೈಬದಲಾದದ್ದೇ ಐದು ಸಾವಿರ ಚಿಲ್ಲರೆ. ಅದರಲ್ಲಿ ನಾಲ್ಕು ಸಾವಿರದ ಇನ್ನೂರು ನಮ್ಮ ಅಡ್ಡರಸ್ತೆಯದು. ಮುಂಬಯಿಯ ಯಾವುದೋ ಕಂಪ್ಯೂಟರು ಆ ಕ್ಷಣವೇ ಹುಬ್ಬೇರಿಸಿತಂತೆ. ಕೋದಂಡರಾಮಯ್ಯ ಮನೆಗೆ ಬಂದು ತಣ್ಣಗಾದ ಮುದ್ದೆ ಉಂಡು ಮಲಗಿದ.

ಅವನು ಮಲಗಿದ ಹೊತ್ತಿನಲ್ಲಿ ಅದೇ ಆಫೀಸಿನ ಮೆಟ್ಟಿಲು ಹತ್ತಿದವನು ಯೋಗಾನಂದ. ಹಿಂದೊಮ್ಮೆ ಬೂದಿಗೆರೆಯ ಹತ್ತಿರ ಸೈಟು ಅಗ್ಗಕ್ಕೆ ಬಂದಾಗ ಕೋದಂಡರಾಮಯ್ಯ "ಅಲ್ಲಿ ನರಿ ಕೂಗ್ತವೆ" ಎಂದು ಬಿಟ್ಟಿದ್ದ. ಅದನ್ನು ಕೊಂಡವನು ಯೋಗಾನಂದನ ಭಾವಮೈದ. ಈಗ ಅಲ್ಲಿ ಹದಿನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ಅಂದಿನಿಂದ ಯೋಗಾನಂದನದು ಒಂದೇ ಸಿದ್ಧಾಂತ: ಕೋದಂಡ ಬಿಟ್ಟದ್ದನ್ನು ಹಿಡಿಯಬೇಕು. ಹಾಗಾಗಿ ಕೋದಂಡ ಮಾರಿದ ಅದೇ ಕಂಪನಿಯ ಮುನ್ನೂರು ಷೇರುಗಳನ್ನು ಅವನು ಖುಷಿಯಿಂದ ಕೊಂಡುಕೊಂಡ.

ಶುಕ್ರವಾರ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ವಿದೇಶದ ದೊಡ್ಡ ಆರ್ಡರು ಕೈತಪ್ಪಿದೆ, ಹೋದ ವರ್ಷದ ಲಾಭದ ಲೆಕ್ಕದಲ್ಲಿ ಕೆಲವು ತಪ್ಪುಗಳು ಕಂಡುಬಂದಿವೆ, ಎಲ್ಲರೂ ಧೈರ್ಯವಾಗಿರಬೇಕು. ಸೋಮವಾರದ ಹೊತ್ತಿಗೆ ನಾನೂರ ಹನ್ನೆರಡರ ಷೇರು ನೂರ ಮೂವತ್ತೇಳಕ್ಕೆ ಇಳಿಯಿತು.

ಬೀದಿ ಬೆರಗಾಯಿತು. ಅವನು ಸಿಟ್ಟಿನಿಂದ ಅರಚಿದ್ದನ್ನು ಎಲ್ಲರೂ ತಮ್ಮ ಕಿವಿಯಾರೆ ಕೇಳಿದ್ದರು. ಆದರೆ ಸೋಮವಾರದ ರೇಟು ನೋಡಿದ ಮೇಲೆ ಆ ಕಿವಿಗಳನ್ನು ನಂಬುವುದು ಯಾರಿಗೂ ಬೇಡವಾಯಿತು. ಸಿಟ್ಟು ಬರೀ ನಾಟಕವಂತೆ, ಒಳಗೊಳಗೆ ಲೆಕ್ಕ ಹಾಕಿದ್ದನಂತೆ. ಆ ಬೆಳಿಗ್ಗೆ ಅಪ್ಪಯ್ಯಣ್ಣನ ಹೋಟೆಲಿಗೆ ಅರ್ಧ ಕಾಫಿಗೆ ಹೋದ ಕೋದಂಡರಾಮಯ್ಯನಿಗೆ ಪೂರ್ತಿ ಕಾಫಿ ಬಂತು, ಜೊತೆಗೆ ಕೇಳದೆ ಒಂದು ವಡೆ.

"ನಿಮಗೆ ಮೊದ್ಲೇ ಗೊತ್ತಿತ್ತಾ ಸ್ವಾಮಿ?" ಎಂದು ಅಪ್ಪಯ್ಯಣ್ಣ ಕೈ ಒರೆಸಿಕೊಳ್ಳುತ್ತ ಕೇಳಿದ.

ನಾನು ಪಕ್ಕದ ಬೆಂಚಿನಲ್ಲೇ ಇದ್ದೆ. ಇಲ್ಲ ಮಾರಾಯ, ಸಿಟ್ಟಲ್ಲಿ ಮಾರಿದೆ ಎನ್ನುವ ಮಾತು ಅವನ ನಾಲಗೆಯ ತುದಿಯವರೆಗೂ ಬಂದದ್ದನ್ನು ನಾನು ಕಂಡೆ. ಆದರೆ ಇಪ್ಪತ್ತು ಜನ ಲೋಟ ಕೆಳಗಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅವನನ್ನು ಯಾರೂ ಬುದ್ಧಿವಂತ ಎಂದು ಕರೆದವರಿಲ್ಲ. ಗಂಟಲು ಸರಿಮಾಡಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಅವನು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಪಿಸುಗುಟ್ಟಿದ.

"ನಮ್ಗೆ ಒಳಗಿಂದ ಬರ್ತಿರುತ್ತೆ."

ಮುಂದಿನ ಹತ್ತು ದಿನ ಅವನ ಜೀವನದ ಅತ್ಯಂತ ಸುಖದ ದಿನಗಳು. ಬೆಳಿಗ್ಗೆ ಎದ್ದರೆ ಜಗಲಿಯ ಮೇಲೆ ಜನ. ತ್ಯಾಮಗೊಂಡ್ಲಿನಿಂದ ಶಕುಂತಲಮ್ಮನ ತವರಿನವರು ಕೊಬ್ಬರಿ ಈಗಲೇ ಮಾರುವುದೋ ದೀಪಾವಳಿಯವರೆಗೆ ಇಟ್ಟುಕೊಳ್ಳುವುದೋ ಎಂದು ಫೋನು ಮಾಡಿದರು. ಹಿಂದಿನ ಬೀದಿಯ ಅಮ್ಮಯಮ್ಮ ತನ್ನ ಮೊಮ್ಮಗಳಿಗೆ ಬಂದಿದ್ದ ಗಂಡಿನ ಫೋಟೋ ತಂದು, ಈ ಹುಡುಗ ಮುಂದೆ ಏರುತ್ತಾನೋ ಇಳಿಯುತ್ತಾನೋ ಎಂದು ಕೇಳಿದಳು. ಕೋದಂಡರಾಮಯ್ಯ ಫೋಟೋ ನೋಡಿ "ಈಗ ಬೇಡ, ಕಾಯಿರಿ" ಎಂದ. ನೇಕಾರರ ಸಂಘದವರು 'ಮಾರುಕಟ್ಟೆ ಚತುರ' ಎಂದು ಬಿರುದು ಕೊಟ್ಟು ಶಾಲು ಹೊದಿಸಲು ಒಂದು ಭಾನುವಾರ ಗೊತ್ತುಮಾಡಿದರು. ಇದೆಲ್ಲ ಗೋಡೆಯಾಚೆ ಯೋಗಾನಂದನಿಗೂ ಕೇಳುತ್ತಿತ್ತು. ಮುನ್ನೂರು ಷೇರಿನಲ್ಲಿ ಎಂಬತ್ತೆರಡು ಸಾವಿರ ಕಳೆದುಕೊಂಡವನಿಗೆ ಆ ಶಾಲಿನ ಸುದ್ದಿ ಸಹಿಸಲು ಆಗಲಿಲ್ಲ. ಅವನು ಮಂಡಳಿಗೆ ದೂರು ಬರೆದ: ಈ ಮನುಷ್ಯನಿಗೆ ಕಂಪನಿಯ ಒಳಗಿನಿಂದ ಸುದ್ದಿ ಬಂದಿದೆ, ಅದನ್ನು ಯಾರಿಗೂ ಹೇಳದೆ ಬಚ್ಚಿಟ್ಟು ಮಾರಿದ್ದಾನೆ, ಹೋಟೆಲಿನಲ್ಲಿ ಸ್ವತಃ ಒಪ್ಪಿಕೊಂಡಿದ್ದಾನೆ.

ಕಂಪ್ಯೂಟರು ಮೊದಲೇ ಹುಬ್ಬೇರಿಸಿತ್ತು. ಅದಕ್ಕೊಂದು ದೂರೂ ಸಿಕ್ಕಿತು. ಭಾನುವಾರದ ಶಾಲಿಗೆ ನಾಲ್ಕು ದಿನ ಮುಂಚೆ ನೋಟೀಸು ಬಂತು. ವಿಚಾರಣೆ ಮುಗಿಯಲಿ ಎಂದು ಸಂಘದವರು ಶಾಲನ್ನು ಮುಂದಕ್ಕೆ ಹಾಕಿದರು.

ಕೋದಂಡರಾಮಯ್ಯ ಅದನ್ನು ನನ್ನ ಹತ್ತಿರ ಓದಿಸಲು ತಂದ. ಹನ್ನೊಂದು ಪುಟ. ಸಾರಾಂಶ ಇಷ್ಟು: ನಿಮ್ಮ ವ್ಯಾಪಾರದ ಗಾತ್ರವೂ ಹೊತ್ತೂ ಸಂಶಯಾಸ್ಪದವಾಗಿವೆ. ಅಪ್ರಕಟಿತ ಮಾಹಿತಿ ನಿಮಗೆ ಯಾರಿಂದ ಬಂತು ಎಂದು ತಿಳಿಸತಕ್ಕದ್ದು. ವಿಚಾರಣೆ ಮುಗಿಯುವ ತನಕ ನಿಮ್ಮ ಬ್ಯಾಂಕ್ ಖಾತೆಯನ್ನು ತಡೆಹಿಡಿಯಲಾಗಿದೆ. ಕೊನೆಯ ಪುಟದಲ್ಲಿ ಒಂದು ದಾರಿಯನ್ನೂ ತೋರಿಸಿದ್ದರು: ತಪ್ಪನ್ನು ಒಪ್ಪದೆಯೂ ಅಲ್ಲಗಳೆಯದೆಯೂ ಮೂರು ಲಕ್ಷ ಕಟ್ಟಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ, ಖಾತೆ ತೆರೆಯುತ್ತದೆ.

ಬೀದಿಯೆಲ್ಲ ಒಂದೇ ಮಾತು ಹೇಳಿತು, ಕಟ್ಟಿಬಿಡು ಎಂದು. ಹದಿನೇಳು ಲಕ್ಷ ಬಂದಿದೆ, ಮೂರು ಹೋದರೆ ಹದಿನಾಲ್ಕು ಉಳಿಯಿತು ಎಂದು ಅಪ್ಪಯ್ಯಣ್ಣ ಕಳೆಯುವ ಲೆಕ್ಕ ಮಾಡಿ ತೋರಿಸಿದ. ಬುದ್ಧಿವಂತರೆಲ್ಲ ಹೀಗೆಯೇ ಮಾಡುತ್ತಾರೆ, ಪೇಪರಿನಲ್ಲಿ ಓದಿಲ್ಲವೇ ಎಂದ. ನಾನೂ ಹಾಗೇ ಹೇಳಿದೆ, ನಾಚಿಕೆ ಇಲ್ಲದೆ ಒಪ್ಪಿಕೊಳ್ಳುತ್ತೇನೆ.

"ಮೇಷ್ಟ್ರೆ, ಒಪ್ಪೋದೂ ಇಲ್ಲ, ಇಲ್ಲ ಅನ್ನೋದೂ ಇಲ್ಲ, ದುಡ್ಡು ಮಾತ್ರ ಕಟ್ಟು ಅಂದ್ರೆ ಅದೇನ್ ಮೇಷ್ಟ್ರೆ?" ಎಂದು ಕೋದಂಡರಾಮಯ್ಯ ಕೇಳಿದ. "ಕದ್ದಿದ್ರೆ ಕದ್ದೆ ಅಂತ ಹಿಡ್ಕೊಂಡು ಹೋಗ್ಲಿ. ಕದೀಲಿಲ್ಲ ಅಂದ್ರೆ ನಂದು ನಂಗೆ ಬಿಡ್ಲಿ. ಮಧ್ಯದಲ್ಲಿ ನಿಂತ್ಕೊಂಡು ಮೂರು ಲಕ್ಷ ಕೇಳೋಕೆ ಇವರೇನು ಮದ್ವೆ ದಲ್ಲಾಳಿಗಳಾ? ಬರೀರಿ ಉತ್ತರ."

"ಏನಂತ ಬರೀಲಿ?"

"ಸಿಟ್ಟು ಬಂತು, ಮಾರಿದೆ."

"ಅಷ್ಟೇನಾ? ಹನ್ನೊಂದು ಪುಟಕ್ಕೆ ಒಂದೇ ಸಾಲಿನ ಉತ್ತರ ಬರೆದ್ರೆ ಅವಮಾನ ಅಂದ್ಕೊತಾರೆ ಕಣಯ್ಯಾ."

"ಅಂದ್ಕೊಳ್ಲಿ. ನಡೆದಿದ್ದೇ ಅಷ್ಟು."

ಮೂವತ್ತಾರು ವರ್ಷ ಪ್ರಬಂಧ ಬರೆಸಿದ ಕೈಯಿಂದ ಆ ಒಂದು ಸಾಲು ಬರೆದುಕೊಟ್ಟೆ. ಅವನು ಕೆಳಗೆ ಸಹಿ ಮಾಡಿ, ಗುರುತಿಗೆ ಇರಲಿ ಎಂದು ತನ್ನ ವಿಸಿಟಿಂಗ್ ಕಾರ್ಡನ್ನೂ ಲಗತ್ತಿಸಿದ. ಅದಕ್ಕೆ ಮುಂಚೆ 'ಮತ್ತು ಷೇರುದಾರರು' ಎಂಬುದರ ಮೇಲೆ ಗೀಟು ಎಳೆದ.

ಮಂಡಳಿ ಒಂದು ತಿಂಗಳು ಸುಮ್ಮನಿತ್ತು. ಖಾತೆಯಲ್ಲಿದ್ದದ್ದು ಷೇರಿನ ದುಡ್ಡು ಮಾತ್ರವಲ್ಲ, ನೂಲಿಗೆ ಇಟ್ಟದ್ದೂ ಅಲ್ಲೇ ಇತ್ತು. ಮೊದಲ ವಾರ ಎರಡು ಮಗ್ಗ ನಿಂತವು, ಮೂರನೇ ವಾರದ ಹೊತ್ತಿಗೆ ಆರೂ ನಿಂತವು. ಕೋದಂಡರಾಮಯ್ಯ ಖಾಲಿ ಮಗ್ಗದ ಮುಂದೆ ಕುಳಿತು, ಲಾಳಿಯನ್ನು ಕೈಯಲ್ಲಿ ಹಿಡಿದು ಈ ಕಡೆಯಿಂದ ಆ ಕಡೆಗೆ ಸುಮ್ಮನೆ ತಳ್ಳುತ್ತಿದ್ದ. ನೋಡಲಾಗುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಆ ಸದ್ದಿಗೆ ಶಾಪ ಹಾಕುತ್ತಿದ್ದ ನನಗೆ ಅದಿಲ್ಲದೆ ಮಧ್ಯಾಹ್ನದ ನಿದ್ದೆ ಬರದಂತಾಯಿತು. ಶಕುಂತಲಮ್ಮ ಒಂದು ದಿನ, "ಸಹಿ ಹಾಕ್ಬಿಡ್ರೀ, ಹೋಗ್ಲಿ" ಎಂದಳು. ಅವನು "ನಿಮ್ಮಪ್ಪ ನಿನ್ನನ್ನ ಕೊಟ್ಟಿದ್ದು ನೇಕಾರನಿಗೆ, ಸೆಟಲ್ಮೆಂಟ್ ಮಾಡ್ಕೊಂಡವನಿಗಲ್ಲ" ಎಂದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅಂಚಿನಲ್ಲಿ ಬಾವುಟವಿದ್ದ ಸೀರೆಯೊಂದನ್ನು ತೆಗೆದು, ಸೆರಗಿನ ವಾಲ್ವು ಎದ್ದು ಕಾಣುವಂತೆ ಉಟ್ಟುಕೊಂಡು ಸಂತೆಗೆ ಹೋಗಿ ಬಂದಳು.

ಕೊನೆಗೆ ವಿಚಾರಣೆಗೆ ಮಂಡಳಿಯ ಅಧಿಕಾರಿಯೇ ಬಂದರು. ಹೆಸರು ಸ್ನೇಹ, ಮೂವತ್ತು ದಾಟಿರಲಾರದು, ಚುರುಕು ಕಣ್ಣು. ದೊಡ್ಡ ಕುಳವೊಂದನ್ನು ಹಿಡಿಯಲು ಬಂದವರಿಗೆ ಸುಣ್ಣ ಉದುರಿದ ಗೋಡೆ, ನಿಂತ ಮಗ್ಗ ಕಂಡು ಸ್ವಲ್ಪ ಅನುಮಾನವಾದಂತಿತ್ತು. ಉತ್ತರ ಬರೆದವನು ಎಂಬ ಕಾರಣಕ್ಕೆ ನನ್ನನ್ನೂ ಕೂರಿಸಿದರು. ಬಾಗಿಲು ಹಾಕಿಸಿ, ಕಿಟಕಿ ಮುಚ್ಚಿಸಿ, ಲ್ಯಾಪ್‌ಟಾಪು ತೆರೆದರು.

"ಇದು ಗೋಪ್ಯ ವಿಚಾರಣೆ. ಇಲ್ಲಿ ಆಡೋ ಮಾತು ಹೊರಗೆ ಹೋಗಬಾರದು, ತಿಳೀತಾ?" ಎಂದರು.

ಎರಡೂ ಪಕ್ಕದ ಮನೆಗಳಲ್ಲಿ ಮಗ್ಗ ಬಡಿಯುತ್ತಿತ್ತು. "ಏನಂದ್ರಿ?" ಎಂದ ಕೋದಂಡರಾಮಯ್ಯ.

"ಗೋಪ್ಯ. ಗುಟ್ಟು."

"ಗುಟ್ಟಾ? ಆಗ್ಲಿ ತಾಯಿ, ನನ್ ಬಾಯಿಂದ ಹೊರಗ್ ಹೋಗಲ್ಲ," ಎಂದು ಅವನು ಕೈ ಅಡ್ಡ ಹಿಡಿದು ಮಾತು ಕೊಟ್ಟ. ಎದುರುಮನೆಯ ಜಗಲಿಯಲ್ಲಿ ರಾಟೆ ತಿರುಗಿಸುತ್ತ ಲಾಳಿಗೆ ನೂಲು ಸುತ್ತುತ್ತಿದ್ದ ಕದಿರಮ್ಮ ಅಲ್ಲಿಂದಲೇ, "ಏನೋ ಗುಟ್ಟಂತೆ, ಬರ್ರೇ" ಎಂದು ಮಿಕ್ಕವರನ್ನು ಕರೆದಳು.

ಸ್ನೇಹ ಮೇಡಂ ಮಂಗಳವಾರದ ಫೋನಿನ ವಿಷಯ ಕೇಳಿದರು. ಮನೋಹರ್ ಏನು ಹೇಳಿದ, ನೀವೇನು ಹೇಳಿದಿರಿ.

"ಬೇಡ ಅಂದ. ನಾನು, ಸರಿ ಸಾರ್ ಆಯ್ತು ಅಂದೆ," ಎಂದ ಕೋದಂಡರಾಮಯ್ಯ. ಸರ್ಕಾರದವರ ಮುಂದೆ ಮರ್ಯಾದೆಯಾಗಿ ಕಾಣಿಸಿಕೊಳ್ಳುವ ಆಸೆ.

"ಸುಳ್ಳು ಹೇಳ್ಬೇಡ ಕಣಯ್ಯಾ," ಎಂದು ಮುಚ್ಚಿದ ಕಿಟಕಿಯಾಚೆಯಿಂದ ಕದಿರಮ್ಮನ ದನಿ ಬಂತು. "ಸೆರಗಲ್ಲಿ ವಾಲ್ವು ಇರೋ ಸೀರೇನ ಯಾವ ಮದ್ವೆ ಹೆಣ್ಣು ಉಟ್ಕೊತಾಳೆ ಅಂದೆ ನೀನು."

"ಅದಕ್ಕೂ ಮುಂಚೆ, ಮುನ್ನೂರು ಸೀರೆ ಯಾರಿಗ್ ಉಡಿಸ್ಲಿ ಅಂದ," ಎಂದಿತು ಇನ್ನೊಂದು ದನಿ.

"ಕೊನೇಲಿ, ನಿಮ್ ವಾಲ್ವು ನೀವೇ ಇಟ್ಕೊಳ್ಳಿ ಅಂತ," ಎಂದು ಮೂರನೆಯವರು ಮುಗಿಸಿದರು. ಕ್ರಮವಾಗಿ, ಒಂದು ಮಾತೂ ತಪ್ಪದೆ, ಇಡೀ ಸಂಭಾಷಣೆ ಬೀದಿಯಿಂದ ಒಳಗೆ ಬಂತು. ಮೇಡಂ ಎದ್ದು ಹೋಗಿ ಕಿಟಕಿ ತೆರೆದರು. ಹೊರಗೆ ಹದಿನೈದು ಜನ ಇದ್ದರು, ಕೆಲವರು ಸ್ಟೂಲು ತಂದುಕೊಂಡಿದ್ದರು.

"ನಿಮಗೆಲ್ಲ ಇದು ಹೇಗೆ ಗೊತ್ತು?"

"ಅವನು ಫೋನಲ್ಲಿ ಮಾತಾಡಿದ್ನಲ್ಲ ತಾಯಿ," ಎಂದಳು ಕದಿರಮ್ಮ, ಇದೆಂಥ ಪ್ರಶ್ನೆ ಎಂಬಂತೆ.

ಮೇಡಂ ಮತ್ತೆ ಬಂದು ಕುಳಿತರು. ಅವರು ದಡ್ಡರಲ್ಲ. "ಸೀರೆ ಬೇಡ ಅಂದಿದ್ದೇ ಒಂದು ಸುದ್ದಿ ಅಲ್ವಾ? ಹಬ್ಬ ನಿಲ್ಲಿಸ್ತಿದ್ದಾರೆ ಅಂದ್ರೆ ಕಂಪನಿಗೆ ಏನೋ ಆಗಿದೆ ಅಂತ ನಿಮಗೆ ಅನ್ನಿಸಲಿಲ್ವಾ?"

"ಅದು ಅಷ್ಟು ಬೆಲೆಬಾಳೋ ಸುದ್ದಿ ಅಂತ ಗೊತ್ತಿದ್ರೆ ಯಾಕ್ ಬೈತಿದ್ದೆ? ಥ್ಯಾಂಕ್ಸ್ ಮನೋಹರ್ ಅಂತ ಹೇಳಿ ಮಾರ್ತಿದ್ದೆ," ಎಂದ ಕೋದಂಡರಾಮಯ್ಯ. "ಐದು ಮನೆಗೆ ಆರ್ಡರು ನಿಂತಿದ್ದು. ಬೀದಿಗೆಲ್ಲ ಗೊತ್ತಿತ್ತು. ಆಮೇಲೆ ಏನಾಯ್ತು ಅಂತ ಈ ಗೋಡೆ ಆಚೆ ಇರೋನನ್ನೇ ಕೇಳಿ."

ಗೋಡೆಯಾಚೆಯವನನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಯೋಗಾನಂದ ಬಾಗಿಲಲ್ಲೇ ನಿಂತಿದ್ದ. ಸುದ್ದಿ ಬಚ್ಚಿಟ್ಟ ಎಂದು ದೂರು ಕೊಟ್ಟವರು ನೀವೇ ಅಲ್ಲವೇ, ಆ ಮಂಗಳವಾರ ನಿಮಗೆ ಏನಾದರೂ ಕೇಳಿಸಿತ್ತೇ ಎಂದು ಮೇಡಂ ಕೇಳಿದರು. ಅವನು ಇಲ್ಲ ಎನ್ನಲು ಬಾಯಿ ತೆರೆದ. ಹದಿನೈದು ಜನ ಅವನನ್ನೇ ನೋಡುತ್ತಿದ್ದರು.

"ಕೇಳಿಸ್ತು," ಎಂದ.

"ಆರ್ಡರು ನಿಂತಿದ್ದು, ಇವರು ಷೇರು ಮಾರಲು ಹೊರಟಿದ್ದು, ಎರಡೂ?"

"ಎರಡೂ. ಆರ್ಡರಲ್ಲಿ ನಂದೂ ಪಾಲಿತ್ತು."

"ಹಾಗಾದರೆ ನಿಮಗೆ ಗೊತ್ತಿದ್ದದ್ದೂ ಇವರಿಗೆ ಗೊತ್ತಿದ್ದದ್ದೂ ಒಂದೇ. ಇವರು ಮಾರಿದರು, ನೀವು ಯಾಕೆ ಕೊಂಡಿರಿ?"

ಯೋಗಾನಂದ ಕಾಲಿನ ಹೆಬ್ಬೆರಳು ನೋಡಿಕೊಂಡ. "ಇವನು ಮಾರ್ದ ಅಂತ."

ಮೇಡಂ ಅದನ್ನು ಟೈಪು ಮಾಡಿಕೊಂಡು, ಒಂದು ಸಲ ಓದಿ, ನೀರು ಕೇಳಿ ಕುಡಿದರು. ಇನ್ನು ಉಳಿದದ್ದು ಒಂದೇ ಪ್ರಶ್ನೆ ಎಂದರು. ಅದು ಯಾವುದೆಂದು ನನಗೆ ಗೊತ್ತಿತ್ತು.

"ಹೋಟೆಲಿನಲ್ಲಿ ನೀವು, ನಮಗೆ ಒಳಗಿಂದ ಬರ್ತಿರುತ್ತೆ ಅಂದಿದ್ದೀರಿ. ಒಳಗೆ ಇರೋದು ಯಾರು? ಮನೋಹರಾ?"

ಮೊದಲು ಯೋಗಾನಂದನ ಮನೆಯ ಮಗ್ಗ ನಿಂತಿತು. ಆಮೇಲೆ ಈ ಪಕ್ಕದ್ದು, ಎದುರಿನದು, ಅದರಾಚೆಯದು. ಒಬ್ಬರಿಂದೊಬ್ಬರಿಗೆ ವಿಷಯ ದಾಟಿ, ಕೆಲಸದ ದಿನ ಮಟಮಟ ಮಧ್ಯಾಹ್ನ ಬೀದಿಯಲ್ಲಿ ಬಡಿಯುತ್ತಿದ್ದ ಮಗ್ಗಗಳೆಲ್ಲ ನಿಂತವು. ಆ ಒಳಗಿನವನು ಯಾರು ಎಂದು ತಿಳಿಯಲು ಬೀದಿ ಎರಡು ತಿಂಗಳಿಂದ ಕಾಯುತ್ತಿತ್ತು. ಇಲ್ಲ ಎಂದರೆ ಶಾಲು ಹೋಯಿತು, ವಡೆ ಹೋಯಿತು, ಫೋಟೋ ತಂದು ಕೇಳುವ ಅಮ್ಮಯಮ್ಮನೂ ಹೋದಳು. ಮನೋಹರ್ ಎಂದರೆ ಕೋದಂಡರಾಮಯ್ಯ ಸಾಯುವ ತನಕ ಚತುರ, ಮನೋಹರ್ ಮಾತ್ರ ಕೆಲಸ ಕಳೆದುಕೊಂಡು ಕೋರ್ಟು ಅಲೆಯಬೇಕು. ನಿಮ್ ವಾಲ್ವು ನೀವೇ ಇಟ್ಕೊಳ್ಳಿ ಎಂದು ಆ ಮನೋಹರನಿಗೆ ಬೈದವನು ಇವನೇ. ಕೋದಂಡರಾಮಯ್ಯ ಹೆಂಡತಿಯ ಕಡೆ ನೋಡಿದ. ಆಮೇಲೆ ಎದ್ದು, ಕಿಟಕಿಯ ಹತ್ತಿರ ಹೋಗಿ, ಬೀದಿಯ ಕಡೆಗೆ ತಿರುಗಿ ಉತ್ತರ ಕೊಟ್ಟ. ಮಗ್ಗಗಳು ನಿಂತಿರುವುದು ಅವನ ಗಮನಕ್ಕೆ ಬಂದಿರಲಿಲ್ಲ.

"ಯಾರೂ ಇಲ್ಲ. ಮನೋಹರ ಒಂದು ಸುದ್ದೀನೂ ಹೇಳಿಲ್ಲ, ಅವನು ಬೈಸ್ಕೊಂಡಿದ್ದೇ ಬಂತು. ನಂಗೆ ಏನೂ ಗೊತ್ತಿರ್ಲಿಲ್ಲ. ಸಿಟ್ಟು ಬಂತು, ಮಾರ್ದೆ. ಒಂದು ವಡೆ ಕೊಟ್ಟು ಬುದ್ಧಿವಂತ ಅಂದ್ರು, ಜಂಬ ಕೊಚ್ಕೊಂಡೆ. ಜಂಬಕ್ಕೆ ದಂಡ ಹಾಕೋ ಕಾನೂನಿದ್ರೆ ಹಾಕಿ ತಾಯಿ, ಈಗ್ಲೇ ಕಟ್ತೀನಿ. ಕಳ್ಳತನಕ್ಕೆ ಅಂದ್ರೆ ಒಂದು ಕಾಸೂ ಕಟ್ಟಲ್ಲ. ಆರು ಮಗ್ಗ ಹರಾಜು ಹಾಕಿದ್ರೂ ಕಟ್ಟಲ್ಲ."

ಅಪ್ಪಯ್ಯಣ್ಣನ ಹೋಟೆಲಿನಲ್ಲಿ ಒಂದು ಲೋಟ ಕೆಳಗೆ ಬಿದ್ದ ಸದ್ದು ಕೇಳಿಸಿತು, ಅಂದರೆ ಅಲ್ಲಿಗೂ ಸುದ್ದಿ ಮುಟ್ಟಿತ್ತು.

"ಸ್ವಲ್ಪ ಮೆಲ್ಲಗೆ ಹೇಳಿದ್ದರೂ ನಾನು ಬರೆದುಕೊಳ್ತಿದ್ದೆ," ಎಂದರು ಮೇಡಂ.

"ಮೆಲ್ಲಗೇ ಹೇಳಿದ್ನಲ್ಲ ತಾಯಿ," ಎಂದ ಕೋದಂಡರಾಮಯ್ಯ.

ಬಿರುದನ್ನು ಸಂಘದವರು ಸದ್ದಿಲ್ಲದೆ ಹಿಂತೆಗೆದುಕೊಂಡರು, ಶಾಲು ನಿವೃತ್ತನಾಗುತ್ತಿದ್ದ ಲೈನ್‌ಮ್ಯಾನ್ ಒಬ್ಬನಿಗೆ ಹೋಯಿತು. ಅಪ್ಪಯ್ಯಣ್ಣ ಮೊದಲಿನಂತೆ ಅರ್ಧ ಕಾಫಿಗೆ ಅರ್ಧವನ್ನೇ ಅಳೆದು ಕೊಡತೊಡಗಿದ. ಅಮ್ಮಯಮ್ಮ ಯಾರನ್ನೂ ಕೇಳದೆ ಮೊಮ್ಮಗಳ ಮದುವೆ ಗೊತ್ತುಮಾಡಿದಳು. ಕೋದಂಡರಾಮಯ್ಯ ಹೋಟೆಲಿಗೆ ಹೋಗುವುದನ್ನು ಬಿಡಲಿಲ್ಲ. ಅದೇ ಬೆಂಚಿನಲ್ಲಿ, ಅದೇ ಜಾಗದಲ್ಲಿ, ಎದೆ ಎತ್ತಿ ಕುಳಿತು ಅರ್ಧ ಕಾಫಿ ಕುಡಿದು ಬರುತ್ತಿದ್ದ. ನಗುವವರು ನಗಲಿ ಎಂದು ಇನ್ನೂ ಐದು ನಿಮಿಷ ಹೆಚ್ಚೇ ಕೂರುತ್ತಿದ್ದ ಎಂದು ನನ್ನ ಅನುಮಾನ.

ಮತ್ತೆ ಮೂರು ವಾರ ಕಳೆದ ಮೇಲೆ ಲಕೋಟೆ ಬಂತು. ಮೇಲೆ ಕೆಂಪು ಮುದ್ರೆ: ಗೋಪ್ಯ. ವಿಳಾಸದಾರರ ಹೊರತು ಬೇರೆಯವರಿಗೆ ತೋರಿಸತಕ್ಕದ್ದಲ್ಲ. ನಾನು ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡುತ್ತಲೇ ಎದ್ದುನಿಂತೆ. ಪ್ರಕರಣ ಮುಕ್ತಾಯವಾಗಿತ್ತು, ಖಾತೆ ತೆರೆದಿತ್ತು. ಅವನು ಕಾಗದ ಕಿತ್ತುಕೊಂಡು ಜಗಲಿಗೆ ಹೊರಟ.

"ಯಾರಿಗೂ ತೋರಿಸಬಾರದು ಅಂತ ಬರೆದಿದೆ ಕಣಯ್ಯಾ," ಎಂದೆ.

"ತೋರ್ಸಲ್ಲ ಮೇಷ್ಟ್ರೆ. ಓದ್ತೀನಿ, ಅಷ್ಟೇ."

ಜಗಲಿಯ ಮೇಲೆ ನಿಂತು ಅವನು ದಿನಾಂಕ, ಕಡತದ ಸಂಖ್ಯೆಯಿಂದ ಶುರುಮಾಡಿದ. ಕದಿರಮ್ಮನ ರಾಟೆ ನಿಂತಿತು. ಮಗ್ಗಗಳು ಒಂದೊಂದಾಗಿ ನಿಂತವು. ಎರಡನೇ ಪುಟದ ನಡುವೆ ಆ ವಾಕ್ಯವಿತ್ತು: 'ಸದರಿ ವ್ಯಕ್ತಿಗೆ ತಲುಪುವ ಯಾವುದೇ ಮಾಹಿತಿಯು ತಲುಪಿದ ಕ್ಷಣದಿಂದಲೇ ಸಾರ್ವಜನಿಕವಾಗುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿರುತ್ತದೆ. ಆದ್ದರಿಂದ ಅಪ್ರಕಟಿತ ಮಾಹಿತಿಯನ್ನು ಹೊಂದಲು ಇವರು ಅಸಮರ್ಥರು ಎಂದು ತೀರ್ಮಾನಿಸಲಾಗಿದೆ.'

ಬೀದಿ ಅದನ್ನು ನಿಧಾನವಾಗಿ ಅರ್ಥಮಾಡಿಕೊಂಡಿತು. ಗೋಡೆಯಾಚೆಯಿಂದ ಯೋಗಾನಂದನ ದನಿ ಬಂತು. "ಲೇ ಕೋದಂಡ, ಆ ಅಸಮರ್ಥ ಅನ್ನೋ ಸಾಲು ಇನ್ನೊಂದ್ಸಲ ಓದೋ."

"ನೂರು ಸಲ ಓದ್ತೀನಿ. ಕೇಳಿಸ್ಕೊ," ಎಂದ ಕೋದಂಡರಾಮಯ್ಯ, ಮತ್ತು ಗಂಟಲು ಸರಿಮಾಡಿಕೊಂಡ. ಶಕುಂತಲಮ್ಮ ವಾಲ್ವಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

"ಮಗ್ಗ ಎಲ್ಲಾ ನಿಂತಿವೆ ರೀ. ಸ್ವಲ್ಪ ಮೆಲ್ಲಗೆ ಓದಿ."

ಕೋದಂಡರಾಮಯ್ಯ ಅವಳ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಊರಿಗೆಲ್ಲ ಕೇಳುವಂತೆ ಹೇಳಿದ.

"ಮೆಲ್ಲಗೆ ಓದಿದ್ರೆ ಮತ್ತೆ ಇದು ಒಳಗಿನ ಸುದ್ದಿ ಆಗ್ಬಿಡುತ್ತೆ ಕಣೇ."